ಸೂಪರ್ ಸ್ಪೆಷಾಲಿಟಿ ಸೀಟು: ಸಂದರ್ಶನಕ್ಕೆ ಬೆಲೆ ಎಲ್ಲಿ, ಆದ್ಯತಾ ಪಟ್ಟಿ ಬರೆಯುವುದು ಹೇಗೆ?

ನರಿಕೊಂಬು (ಬಂಟ್ವಾಳ): ನೇತ್ರಾವತಿ ದಂಡೆಯ ನರಿಕೊಂಬು, ಪಾಣೆಮಂಗಳೂರು ಆಸುಪಾಸಿನವರಿಗೆ ಎದೆನೋವು ಕಾಣಿಸಿಕೊಂಡರೂ, ಮೂತ್ರಪಿಂಡ ಕೈಕೊಟ್ಟರೂ ಬಿ.ಸಿ.ರೋಡ್ ಮೂಲಕ ಸುಮಾರು 25 ಕಿ.ಮೀ. ದೂರದ ಮಂಗಳೂರಿಗೆ ಧಾವಿಸುವುದೇ ರೂಢಿ. ಬೆಳ್ತಂಗಡಿ, ಮೂಡುಬಿದಿರೆಯವರ ಪಾಡೂ ಇದಕ್ಕಿಂತ ಬೇರೆಯಲ್ಲ. ಅಲ್ಲಿನ ದೊಡ್ಡಾಸ್ಪತ್ರೆಗಳಲ್ಲಿ ಚೀಟಿ ಹಿಡಿದು ಕಾಯುವವರ ಕಣ್ಣಿಗೆ ಬೀಳುವ ನಾಮಫಲಕದಲ್ಲಿ ವೈದ್ಯರ ಹೆಸರಿನ ಮುಂದೆ ‘ಡಿ.ಎಂ.’ ಅಥವಾ ‘ಎಂಸಿಎಚ್’ ಎಂಬ ಅಕ್ಷರಗಳಿರುತ್ತವೆ. ಅದರ ಹಿಂದೆ ಎಂ.ಬಿ.ಬಿ.ಎಸ್. ಮತ್ತು ಇಂಟರ್ನ್‌ಶಿಪ್‌ನ ಐದೂವರೆ ವರ್ಷ, ಸ್ನಾತಕೋತ್ತರ ಪದವಿಯ 3 ವರ್ಷ, ಅದರ ಮೇಲೆ ಮತ್ತೆ 3 ವರ್ಷ, ಒಟ್ಟು ಹನ್ನೊಂದೂವರೆ ವರ್ಷಗಳ ಓದು ಅಡಗಿದೆ.

ಈ ದಾರಿಯ ಮೊದಲ ಬಾಗಿಲಾದ ಎಂ.ಬಿ.ಬಿ.ಎಸ್. ಪ್ರವೇಶದ ಬಗ್ಗೆ ಕರಾವಳಿಯ ಮನೆಮನೆಗೂ ಗೊತ್ತು. ಕೊನೆಯ ಬಾಗಿಲಿನ ಬಗ್ಗೆ ಮಾತ್ರ ಸ್ವತಃ ವೈದ್ಯರಲ್ಲೇ ಗೊಂದಲವಿದೆ. ಕೆಲವೆಡೆ ಸಂದರ್ಶನವೇ ಇಲ್ಲ, ಕೆಲವೆಡೆ ಸಂದರ್ಶನವೇ ಎಲ್ಲ. ಕೆಲವೆಡೆ ಅಭ್ಯರ್ಥಿಯು ಸಂಸ್ಥೆಗಳಿಗೆ ಕ್ರಮಾಂಕ ಕೊಡಬೇಕು, ಸಂಸ್ಥೆಯೂ ಅಭ್ಯರ್ಥಿಗೆ ಕ್ರಮಾಂಕ ಕೊಡುತ್ತದೆ. ಒಂದು ಬಾಗಿಲಿನ ಜಾಣತನವನ್ನು ಇನ್ನೊಂದು ಬಾಗಿಲಲ್ಲಿ ಬಳಸಹೋದವರು ಕೈಸುಟ್ಟುಕೊಳ್ಳುತ್ತಾರೆ. ಇಲ್ಲಿ ಪಟ್ಟಿಯ ಒಂದು ಸಾಲು ಮೇಲೆ ಕೆಳಗಾದರೆ ವೈದ್ಯರೊಬ್ಬರ ಜೀವಮಾನದ ವೃತ್ತಿಯೇ ಬೇರೆಯಾಗುತ್ತದೆ.

ಒಂದೇ ರ‍್ಯಾಂಕ್, ಹಲವು ವಿಷಯ

ಬಂಟ್ವಾಳ ತಾಲೂಕಿನ ಯುವ ವೈದ್ಯೆಯೊಬ್ಬರು ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಮುಗಿಸಿ, ಹೃದ್ರೋಗ ತಜ್ಞೆಯಾಗಲು ಬಯಸಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಮುಂದಿರುವ ಮುಖ್ಯ ದಾರಿ ‘ನೀಟ್-ಎಸ್‌ಎಸ್’. ಅದುವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳು, ಸಂಸ್ಥೆಗಳು ತಮ್ಮದೇ ಪರೀಕ್ಷೆ ನಡೆಸುತ್ತಿದ್ದ ಪದ್ಧತಿ ಕೊನೆಗೊಂಡು, 2017ರಲ್ಲಿ ಡಿ.ಎಂ., ಎಂಸಿಎಚ್ ಸೀಟುಗಳಿಗೆ ಈ ಏಕೈಕ ಪರೀಕ್ಷೆ ಜಾರಿಗೆ ಬಂತು. ಡಿಆರ್‌ಎನ್‌ಬಿ ಸೀಟುಗಳೂ ಈಗ ಇದರಡಿಯಲ್ಲೇ ಇವೆ. 150 ಪ್ರಶ್ನೆ, 600 ಅಂಕ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಸೀಟು ಹಂಚುವುದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ಈ ದಾರಿಯಲ್ಲಿ ಸಂದರ್ಶನಕ್ಕೆ ಜಾಗವೇ ಇಲ್ಲ. ವಿಭಾಗದ ಮುಖ್ಯಸ್ಥರನ್ನು ಮೊದಲೇ ಕಂಡು ಬರುವುದು, ಶಿಫಾರಸು ಪತ್ರ ಹೊಂದಿಸುವುದು ಯಾವುದೂ ಪ್ರಯೋಜನಕ್ಕೆ ಬರುವುದಿಲ್ಲ.

ಸ್ಥಳೀಯರೆಂಬ ರಿಯಾಯಿತಿಯೂ ಇಲ್ಲ. ಮಂಗಳೂರಿನ ಡೀಮ್ಡ್ ವಿಶ್ವವಿದ್ಯಾಲಯದ ಸೀಟಾಗಲಿ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಸೀಟಾಗಲಿ ಅಖಿಲ ಭಾರತ ಮಟ್ಟದ ಪಟ್ಟಿಯಿಂದಲೇ ತುಂಬುತ್ತದೆ. ಸಿಇಟಿ ಕಾಲದ ಜಿಲ್ಲೆ, ರಾಜ್ಯದ ಲೆಕ್ಕಾಚಾರ ಇಟ್ಟುಕೊಂಡು ಬರುವ ಪೋಷಕರಿಗೆ ಇದು ಮೊದಲ ಆಘಾತ.

ಎರಡನೆಯದು ಇನ್ನೂ ಸೂಕ್ಷ್ಮ. ಈಗಿನ ಪದ್ಧತಿಯಲ್ಲಿ ಪರೀಕ್ಷೆ ವಿಷಯವಾರು ಅಲ್ಲ, ಗುಂಪುವಾರು. ಮೆಡಿಕಲ್ ಗುಂಪಿನಲ್ಲಿ ಪರೀಕ್ಷೆ ಬರೆದವರಿಗೆ ಸಿಗುವುದು ಒಂದೇ ರ‍್ಯಾಂಕ್. ಅದೇ ರ‍್ಯಾಂಕ್ ಹಿಡಿದು ಹೃದ್ರೋಗ, ಜಠರ-ಕರುಳು ವಿಭಾಗ, ಮೂತ್ರಪಿಂಡ, ಹಾರ್ಮೋನು, ಸಂಧಿವಾತ ಇವುಗಳಲ್ಲಿ ಯಾವುದನ್ನಾದರೂ ಕೇಳಬಹುದು. (ಮಾದರಿ ಬದಲಾವಣೆಯ ಮೊದಲ ಪ್ರಯತ್ನ ನಡೆದದ್ದು 2021ರಲ್ಲಿ. ಪರೀಕ್ಷೆ ಹತ್ತಿರ ಬಂದಾಗ ಹೊರಬಿದ್ದ ಆ ತೀರ್ಮಾನವನ್ನು ಸುಪ್ರೀಂ ಕೋರ್ಟ್ ತೀಕ್ಷ್ಣವಾಗಿ ಪ್ರಶ್ನಿಸಿತು. ಸರಕಾರ ಅದನ್ನು ಒಂದು ವರ್ಷ ಮುಂದೂಡಬೇಕಾಯಿತು.) ಹೀಗಾಗಿ ಆದ್ಯತಾ ಪಟ್ಟಿಯಲ್ಲಿ ಊರು ಮತ್ತು ವಿಷಯ ಎರಡೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದೂರದ ರಾಜ್ಯದ ಹೃದ್ರೋಗ ವಿಭಾಗವೋ, ಮನೆಯ ಹತ್ತಿರದ ಮೂತ್ರಪಿಂಡ ವಿಭಾಗವೋ? ಪಟ್ಟಿ ಬರೆಯುವ ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಇದಕ್ಕೆ ಕಂಪ್ಯೂಟರ್ ಉತ್ತರ ಕೊಡದು, ಹಿರಿಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪೂ ಕೊಡದು.

ಪಟ್ಟಿ ಎಂಬ ಭಯ

ಸಿಇಟಿಯಲ್ಲಿ ‘ಆಪ್ಷನ್ ಎಂಟ್ರಿ’ ಮಾಡಿದವರಿಗೆ ಚಾಯ್ಸ್ ಫಿಲ್ಲಿಂಗ್ ಹೊಸದೇನಲ್ಲ. ಆದರೂ ಪ್ರತಿ ವರ್ಷ ಕೇಳಿಬರುವ ಮಾತೊಂದಿದೆ: “ಸಿಗಲಾರದ ಸೀಟನ್ನು ಮೊದಲು ಹಾಕಿದರೆ ಸಿಗುವ ಸೀಟೂ ಕೈತಪ್ಪುತ್ತದೆ.” ಇದು ತಪ್ಪು ನಂಬಿಕೆ.

ಹಂಚಿಕೆ ನಡೆಯುವ ಬಗೆ ಸರಳ. ಮೊದಲ ರ‍್ಯಾಂಕ್‌ನವರ ಪಟ್ಟಿಯನ್ನು ಮೇಲಿನಿಂದ ಓದಿ ಖಾಲಿ ಇರುವ ಮೊದಲ ಸೀಟನ್ನು ಕೊಡಲಾಗುತ್ತದೆ. ಅನಂತರ ಎರಡನೆಯವರು, ಮೂರನೆಯವರು. 700ನೇ ರ‍್ಯಾಂಕ್‌ನವರ ಸರದಿ ಬಂದಾಗ ಅವರ ಮೊದಲ ಹತ್ತು ಆಯ್ಕೆಗಳು ತುಂಬಿಹೋಗಿದ್ದರೆ ಕಂಪ್ಯೂಟರ್ ಹನ್ನೊಂದನೆಯದಕ್ಕೆ ಇಳಿಯುತ್ತದೆ. ಅದನ್ನು ಮೊದಲನೇ ಸಾಲಿನಲ್ಲಿ ಬರೆದಿದ್ದರೂ ಸಿಗುತ್ತಿದ್ದುದು ಅದೇ ಸೀಟು. ಅವರಿಗಿಂತ ಕೆಳಗಿನ ರ‍್ಯಾಂಕ್‌ನವರು ಅದನ್ನು ಮೊದಲ ಆಯ್ಕೆಯಾಗಿ ಹಾಕಿದ್ದರೂ ಅವರನ್ನು ಹಿಂದಿಕ್ಕುವಂತಿಲ್ಲ. ಹಾಗಾಗಿ ಆಸೆಯ ಸೀಟನ್ನು ಮೇಲಿಟ್ಟರೆ ನಷ್ಟವಿಲ್ಲ. ಹೆದರಿ ಕೆಳಗಿಟ್ಟರೆ ಮಾತ್ರ ನಷ್ಟ.

ಹಿಂದಿನ ವರ್ಷದ ಕೊನೆಯ ರ‍್ಯಾಂಕ್‌ಗಳ ಪಟ್ಟಿಯನ್ನು ಬಹಳಷ್ಟು ಮಂದಿ ತಲೆಕೆಳಗಾಗಿ ಬಳಸುತ್ತಾರೆ. ಪಟ್ಟಿಯ ಮೇಲ್ತುದಿಯನ್ನು ಕತ್ತರಿಸಲು ಅದು ಬೇಕಿಲ್ಲ. ಪಟ್ಟಿಯನ್ನು ಎಷ್ಟು ಕೆಳಗಿನವರೆಗೆ ಉದ್ದ ಬೆಳೆಸಬೇಕು ಎಂದು ಅಂದಾಜಿಸಲು ಅದು ಬೇಕು.

ಎಚ್ಚರ ವಹಿಸಬೇಕಾದ ಜಾಗ ಎರಡನೇ ಸುತ್ತು. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟಿಗೆ ಸೇರಿ, ‘ಇನ್ನೂ ಉತ್ತಮವಾದುದು ಸಿಕ್ಕರೆ ಬೇಕು’ ಎಂದು ಒಪ್ಪಿಗೆ ಕೊಟ್ಟವರು ಮತ್ತೆ ಹೊಸದಾಗಿ ಪಟ್ಟಿ ಬರೆಯುತ್ತಾರೆ. ಆ ಪಟ್ಟಿಯಲ್ಲಿರುವ ಯಾವುದೇ ಸೀಟು ಸಿಕ್ಕಿತೆಂದರೆ ಕೈಯಲ್ಲಿದ್ದ ಸೀಟು ತಾನಾಗಿಯೇ ರದ್ದಾಗಿ ಬೇರೆಯವರ ಪಾಲಾಗುತ್ತದೆ. ಅಭ್ಯಾಸಬಲದಿಂದ ಹಳೆಯ ಉದ್ದನೆಯ ಪಟ್ಟಿಯನ್ನೇ ಮತ್ತೆ ಹಾಕಿದವರು ಹೃದ್ರೋಗ ವಿಭಾಗ ಕಳೆದುಕೊಂಡು, ಬೇಡವಾದ ವಿಷಯಕ್ಕೆ ಹೋಗಿ ಬೀಳುವ ಅಪಾಯ ಇಲ್ಲಿದೆ. ಎರಡನೇ ಸುತ್ತಿನ ಪಟ್ಟಿಯಲ್ಲಿ, ಕೈಯಲ್ಲಿರುವ ಸೀಟಿಗಿಂತ ನಿಜಕ್ಕೂ ಮೇಲೆಂದು ಅನಿಸುವವುಗಳ ಹೊರತು ಒಂದೂ ಹೆಚ್ಚಿರಬಾರದು. ಮೊದಲ ಸುತ್ತಿನ ಸೀಟನ್ನು ಸೇರದೆ ಬಿಟ್ಟವರಿಗೆ ದಂಡವಿಲ್ಲ. ಆಮೇಲಿನ ಸುತ್ತುಗಳಲ್ಲಿ ಬಿಟ್ಟರೆ ಭದ್ರತಾ ಠೇವಣಿಗೆ ತಿಲಾಂಜಲಿ ಇಡಬೇಕಾಗುತ್ತದೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯ ಈ ಭಾಗವನ್ನು ಎರಡು ಬಾರಿ ಓದುವುದು ಒಳಿತು.

ಪಟ್ಟಿಯ ಪ್ರತಿ ಸಾಲಿಗೂ ಒಂದು ಬೆಲೆ ಇದೆ ಎಂಬುದನ್ನೂ ಮರೆಯುವಂತಿಲ್ಲ. ತಮಿಳುನಾಡು, ಪಶ್ಚಿಮ ಬಂಗಾಳ ಮೊದಲಾದ ರಾಜ್ಯಗಳು ತಮ್ಮ ಸರಕಾರಿ ಕಾಲೇಜುಗಳಲ್ಲಿ ಕಲಿತವರು ಅಲ್ಲೇ ಕೆಲ ಕಾಲ ಸೇವೆ ಸಲ್ಲಿಸಬೇಕೆಂದು ಬಾಂಡ್ ಬರೆಸಿಕೊಳ್ಳುತ್ತವೆ. ಇದನ್ನು ಪ್ರಶ್ನಿಸಿ ವೈದ್ಯರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. 2019ರ ಆಗಸ್ಟ್‌ನಲ್ಲಿ ನ್ಯಾಯಾಲಯ ರಾಜ್ಯಗಳ ಪರ ನಿಂತಿತು. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಾದರೆ ಶುಲ್ಕದ ಹೊರೆ. ಪಟ್ಟಿಯಲ್ಲಿ ಯಾವುದೇ ಸಾಲು ಬರೆಯುವ ಮುನ್ನ ‘ಇದು ಸಿಕ್ಕರೆ ನಿಜಕ್ಕೂ ಹೋಗಿ ಸೇರುತ್ತೇನೆಯೇ’ ಎಂದು ಮನೆಯವರೊಡನೆ ಕೂತು ಮಾತಾಡಿಕೊಳ್ಳಬೇಕಾದುದು ಇದೇ ಕಾರಣಕ್ಕೆ. ಪ್ರತಿ ಬಾರಿಯೂ ಹಲವು ಸೂಪರ್ ಸ್ಪೆಷಾಲಿಟಿ ಸೀಟುಗಳು ಖಾಲಿ ಉಳಿದು, ಅರ್ಹತೆಯ ಪರ್ಸೆಂಟೈಲ್ ಇಳಿಸಿ ಹೆಚ್ಚುವರಿ ಸುತ್ತು ನಡೆಸಿದ ನಿದರ್ಶನಗಳಿವೆ. ಬಾಂಡ್, ಶುಲ್ಕಗಳ ಅರಿವಿಲ್ಲದೆ ಪಟ್ಟಿ ಬರೆದು, ಸೀಟು ಸಿಕ್ಕ ಮೇಲೆ ಹಿಂದೆ ಸರಿಯುವವರ ಪಾಲೂ ಅದರಲ್ಲಿ ಇಲ್ಲದಿಲ್ಲ.

ಇಪ್ಪತ್ತು ಅಂಕಗಳ ಕೋಣೆ

ದೆಹಲಿಯ ಏಮ್ಸ್, ಪುದುಚೇರಿಯ ಜಿಪ್ಮರ್, ಚಂಡೀಗಢದ ಪಿಜಿಐ, ಬೆಂಗಳೂರಿನ ನಿಮ್ಹಾನ್ಸ್‌ನಂತಹ ರಾಷ್ಟ್ರೀಯ ಮಹತ್ವದ ಸಂಸ್ಥೆಗಳು ‘ಐಎನ್‌ಐ-ಎಸ್‌ಎಸ್’ ಎಂಬ ಪ್ರತ್ಯೇಕ ಪರೀಕ್ಷೆಯ ಮೂಲಕ ಆಯ್ಕೆ ಮಾಡುತ್ತವೆ. ಇಲ್ಲಿ 80 ಅಂಕ ಕಂಪ್ಯೂಟರ್ ಪರೀಕ್ಷೆಗೆ, 20 ಅಂಕ ವಿಭಾಗದಲ್ಲಿ ನಡೆಯುವ ಮೌಲ್ಯಮಾಪನಕ್ಕೆ. ನಿಯಮದ ಭಾಷೆಯಲ್ಲಿ ಇದು ಸಂದರ್ಶನವಲ್ಲ. ಕ್ಲಿನಿಕಲ್, ಪ್ರಾಯೋಗಿಕ ಅಥವಾ ಪ್ರಯೋಗಾಲಯ ಆಧಾರಿತ ಪರೀಕ್ಷೆ. ಎಕ್ಸ್‌ರೇ, ಇಸಿಜಿ ಮುಂದಿಟ್ಟು ಕೇಳಬಹುದು. ರೋಗಿಯ ವಿವರ ಹೇಳಿ ‘ಮುಂದೇನು ಮಾಡುವಿರಿ’ ಎನ್ನಬಹುದು.

20 ಅಂಕ ಅಲ್ಪವೆಂದು ತೋರಬಹುದು. ಆದರೆ ಒಂದೊಂದು ವಿಭಾಗದಲ್ಲಿ ಬೆರಳೆಣಿಕೆಯ ಸೀಟುಗಳಿರುವಾಗ, ಮೊದಲ ಹಂತ ದಾಟಿ ಬಂದವರ ಅಂಕಗಳು ಒತ್ತೊತ್ತಾಗಿರುತ್ತವೆ. 63 ಅಂಕ ಪಡೆದು ಬಂದವರು ಇಲ್ಲಿ 12 ಗಳಿಸಿದರೆ ಒಟ್ಟು 75. 60 ಪಡೆದವರು 16 ಗಳಿಸಿದರೆ 76. ಮೇಲಿದ್ದವರು ಕೆಳಗಾದರು. ತಿಂಗಳುಗಟ್ಟಲೆ ಬಹು ಆಯ್ಕೆಯ ಪ್ರಶ್ನೆಗಳನ್ನೇ ಉರುಹೊಡೆದು ವಾರ್ಡಿನ ರೂಢಿ ತಪ್ಪಿದವರಿಗೆ ಈ ಕೋಣೆ ಕಷ್ಟ. ಮೊದಲ ಹಂತದ ಫಲಿತಾಂಶ ಬಂದ ಮೇಲೆ ಸಿದ್ಧತೆಗೆ ಸಿಗುವುದು ಕೆಲವೇ ದಿನ. ಪರೀಕ್ಷೆಗೆ ಓದುತ್ತಿರುವಾಗಲೂ ವಾರ್ಡಿನ ನಂಟು ಬಿಡದಿರುವುದೊಂದೇ ಇದಕ್ಕೆ ಮದ್ದು.

ಸಂದರ್ಶನದ ಅಂಕ ಎಷ್ಟಿರಬೇಕು ಎಂಬ ವಾದಕ್ಕೆ ಕನ್ನಡ ನಾಡಿನಲ್ಲೇ ಹಳೆಯ ಬೇರು ಇದೆ. ಅಂದಿನ ಮೈಸೂರು ರಾಜ್ಯದಲ್ಲಿ ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶಕ್ಕೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಮೀಸಲಿಡಲಾಗಿತ್ತು. ಇದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿ, 1964ರಲ್ಲಿ ನ್ಯಾಯಾಲಯ ಸರಕಾರದ ಕ್ರಮವನ್ನೇ ಎತ್ತಿಹಿಡಿಯಿತು. ಆದರೆ 1981ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದು ಮೂರರಲ್ಲೊಂದು ಪಾಲು ಅಂಕವನ್ನು ಸಂದರ್ಶನಕ್ಕೆ ಕೊಟ್ಟಿದ್ದನ್ನು ಮನಸೋಇಚ್ಛೆಯ ಕ್ರಮವೆಂದು ಕರೆದು, ಶೇ. 15ಕ್ಕಿಂತ ಹೆಚ್ಚಿರಬಾರದೆಂದು ಅಭಿಪ್ರಾಯಪಟ್ಟಿತು. ಎರಡು ಮೂರು ನಿಮಿಷಗಳಲ್ಲಿ ಮುಗಿಯುವ ಮಾತುಕತೆ ಇಡೀ ವರ್ಷಗಳ ಓದನ್ನು ಅಳಿಸಿಹಾಕಬಾರದು ಎಂಬುದು ಆ ತೀರ್ಪಿನ ಹಿಂದಿದ್ದ ಕಾಳಜಿ.

ಸಂದರ್ಶನವೇ ಎಲ್ಲವೂ ಆದಲ್ಲಿ

ಡಿ.ಎಂ., ಎಂಸಿಎಚ್‌ಗಳ ಆಚೆ ‘ಫೆಲೋಶಿಪ್’ ಎಂಬ ದೊಡ್ಡ ಲೋಕವಿದೆ. ಕಣ್ಣಿನ ರೆಟಿನಾ, ಬೆನ್ನುಹುರಿ ಶಸ್ತ್ರಚಿಕಿತ್ಸೆ, ಬಂಜೆತನ ಚಿಕಿತ್ಸೆ, ಲ್ಯಾಪರೊಸ್ಕೊಪಿ ಹೀಗೆ ಒಂದೊಂದು ಸಣ್ಣ ಕ್ಷೇತ್ರದಲ್ಲಿ ಕೈ ಪಳಗಿಸಿಕೊಳ್ಳುವ ತರಬೇತಿ ಇದು. ಇದರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ‘ಎಫ್‌ಎನ್‌ಬಿ’ಗೆ ಪ್ರವೇಶ ಪರೀಕ್ಷೆ ಮತ್ತು ಕೇಂದ್ರೀಕೃತ ಕೌನ್ಸೆಲಿಂಗ್ ಇದೆ, ಪಟ್ಟಿಯ ನಿಯಮ ಮೇಲೆ ಹೇಳಿದ್ದೇ. ಉಳಿದ ಬಹುಪಾಲು ಫೆಲೋಶಿಪ್‌ಗಳಲ್ಲಿ ಆಯಾ ಆಸ್ಪತ್ರೆಯೇ ಅರ್ಜಿ ಕರೆದು, ಕೆಲವೊಮ್ಮೆ ಸಣ್ಣ ಲಿಖಿತ ಪರೀಕ್ಷೆ ನಡೆಸಿ, ಸಂದರ್ಶನದಲ್ಲಿ ಆರಿಸುತ್ತದೆ.

ಇಂತಹ ಸಂದರ್ಶನದಲ್ಲಿ ಪಾಠದ ಪ್ರಶ್ನೆಗಳಿಗಿಂತ ಅಭ್ಯರ್ಥಿಯ ಕೈಕೆಲಸದ ಪ್ರಶ್ನೆಗಳೇ ಹೆಚ್ಚು. ಲಾಗ್‌ಬುಕ್‌ನಲ್ಲಿ ಬರೆದ ಶಸ್ತ್ರಚಿಕಿತ್ಸೆಗಳಲ್ಲಿ ಸ್ವತಃ ಮಾಡಿದ್ದೆಷ್ಟು, ಪಕ್ಕದಲ್ಲಿ ನಿಂತು ಸಹಕರಿಸಿದ್ದೆಷ್ಟು ಎಂದು ಕೇಳುವುದು ಸಾಮಾನ್ಯ. ಉಬ್ಬಿಸಿ ಬರೆದವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ, ಏಕೆಂದರೆ ಕೇಳುವವರು ಅದೇ ಕೆಲಸವನ್ನು ದಿನವಿಡೀ ಮಾಡುವವರು. ಸ್ನಾತಕೋತ್ತರ ಪ್ರಬಂಧದ ಬಗ್ಗೆ ಕೇಳುವುದೂ ಅಷ್ಟೇ ಸಾಮಾನ್ಯ. ಎಷ್ಟು ರೋಗಿಗಳು, ಏನು ಕಂಡುಬಂತು, ಅಧ್ಯಯನದ ಕೊರತೆ ಏನು ಎಂಬ ಮೂರು ಪ್ರಶ್ನೆಗೆ ತನ್ನದೇ ಪ್ರಬಂಧದಿಂದ ಉತ್ತರ ಹೇಳಲಾಗದವರಿಗೆ ಮುಂದಿನ ಮಾತು ಕಷ್ಟ. ‘ಕೈ ಮೀರಿ ಹೋದ ಒಂದು ಪ್ರಕರಣ ಹೇಳಿ’ ಎಂದಾಗ ಅಂಥದ್ದಿಲ್ಲ ಎನ್ನುವುದು ಜಾಣತನವಲ್ಲ. ತೊಡಕು ಯಾವಾಗ ಗೊತ್ತಾಯಿತು, ಯಾರನ್ನು ಕರೆದಿರಿ, ರೋಗಿಯ ಕಡೆಯವರಿಗೆ ಏನು ಹೇಳಿದಿರಿ ಎಂಬುದನ್ನು ತಿಳಿಯಲೆಂದೇ ಆ ಪ್ರಶ್ನೆ.

ವೈದ್ಯೆಯರಿಗೆ ಮಾತ್ರ ಮೀಸಲಾದ ಪ್ರಶ್ನೆಯೊಂದಿದೆ: ಮದುವೆ ಯಾವಾಗ, ಮಕ್ಕಳ ಯೋಚನೆ ಏನು? ತರಬೇತಿಗೂ ಇದಕ್ಕೂ ಸಂಬಂಧವಿಲ್ಲ. ‘ಪೂರ್ಣ ಅವಧಿಯ ತರಬೇತಿ ಮುಗಿಸುವ ಸಿದ್ಧತೆಯಿಂದಲೇ ಬಂದಿದ್ದೇನೆ ಸರ್’ ಎಂಬ ಒಂದೇ ವಾಕ್ಯದಲ್ಲಿ ಮುಗಿಸುವುದು ಸಾಕು. ಅದಕ್ಕಿಂತ ಹೆಚ್ಚಿನ ವಿವರಣೆ ಯಾರಿಗೂ ಸಲ್ಲಬೇಕಾದುದಲ್ಲ.

ಅಭ್ಯರ್ಥಿ ಕೇಳಬೇಕಾದ ಪ್ರಶ್ನೆಗಳೂ ಇವೆ. ಸಂಕೋಚದಿಂದ ಬಹುತೇಕರು ಕೇಳುವುದಿಲ್ಲ. ಪ್ರಮಾಣಪತ್ರ ಯಾರದು: ಆಸ್ಪತ್ರೆಯದೇ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದೇ, ಪರೀಕ್ಷಾ ಮಂಡಳಿಯದ್ದೇ? ಫೆಲೋ ಸ್ವಂತ ಕೈಯಿಂದ ಮಾಡುವ ಶಸ್ತ್ರಚಿಕಿತ್ಸೆಗಳೆಷ್ಟು? ಸ್ಟೈಪೆಂಡ್ ಎಷ್ಟು, ಬಾಂಡ್ ಇದೆಯೇ? ಹಿಂದಿನ ವರ್ಷದ ಫೆಲೋ ಜತೆ ಹತ್ತು ನಿಮಿಷ ಮಾತಾಡಿದರೆ ಕರಪತ್ರದಲ್ಲಿಲ್ಲದ ಉತ್ತರ ಸಿಗುತ್ತದೆ. ಆಸ್ಪತ್ರೆಯೊಂದು ತಾನೇ ಕೊಡುವ ಫೆಲೋಶಿಪ್ ಪ್ರಮಾಣಪತ್ರ ಎಷ್ಟೇ ಹೆಸರುವಾಸಿಯಾದರೂ ಡಿ.ಎಂ. ಅಥವಾ ಎಂಸಿಎಚ್‌ಗೆ ಸಮಾನವಲ್ಲ ಎಂಬುದು ಸೇರುವ ಮುನ್ನವೇ ತಿಳಿದಿರಬೇಕು.

ಇಲ್ಲಿ ನಿಜವಾದ ಸಂಕಟ ಬೇರೆ. ಒಂದು ಆಸ್ಪತ್ರೆ ಸೋಮವಾರ ಸಂದರ್ಶನ ಮಾಡಿ ಬುಧವಾರದೊಳಗೆ ಉತ್ತರ ಕೇಳುತ್ತದೆ. ಅಭ್ಯರ್ಥಿ ಹೆಚ್ಚು ಬಯಸಿದ ಆಸ್ಪತ್ರೆಯ ಸಂದರ್ಶನ ಮುಂದಿನ ವಾರ. ಒಪ್ಪಿದರೆ ಬಯಸಿದ್ದು ಹೋಯಿತು, ಬಿಟ್ಟರೆ ಎರಡೂ ಹೋಗಬಹುದು. ಎಲ್ಲ ಸಂಸ್ಥೆಗಳನ್ನೂ ಒಂದೇ ಚೌಕಟ್ಟಿಗೆ ತರುವ ವ್ಯವಸ್ಥೆ ಇಲ್ಲದಿರುವಾಗ, ಉತ್ತರಕ್ಕೆ ಕೊನೆಯ ದಿನಾಂಕವನ್ನು ಬರೆಹದಲ್ಲಿ ಪಡೆಯುವುದು ಮತ್ತು ಇನ್ನೊಂದು ಸಂಸ್ಥೆಗೆ ಫೋನ್ ಮಾಡಿ ವಿಷಯ ತಿಳಿಸಿ, ಸಂದರ್ಶನ ಬೇಗ ಸಾಧ್ಯವೇ ಎಂದು ವಿನಂತಿಸುವುದು ಇವೆರಡೇ ಉಳಿದಿರುವ ಉಪಾಯ.

ಅಮೆರಿಕದ ‘ಮ್ಯಾಚ್’

ಇದೇ ಸಂಕಟ 1940ರ ದಶಕದಲ್ಲಿ ಅಮೆರಿಕದ ವೈದ್ಯ ವಿದ್ಯಾರ್ಥಿಗಳದ್ದೂ ಆಗಿತ್ತು. ಆಸ್ಪತ್ರೆಗಳು ಪೈಪೋಟಿಯಲ್ಲಿ ಗಂಟೆಗಳ ಗಡುವಿನಲ್ಲಿ ಉತ್ತರ ಕೇಳತೊಡಗಿದ್ದವು. ಅದಕ್ಕೆ ಪರಿಹಾರವಾಗಿ 1952ರಲ್ಲಿ ‘ಮ್ಯಾಚ್’ ಪದ್ಧತಿ ಬಂತು. ಅದಕ್ಕೂ ಮುನ್ನ 1951ರಲ್ಲಿ ಪ್ರಕಟಿಸಿದ್ದ ಮೊದಲ ಸೂತ್ರದಲ್ಲಿ ಒಂದು ದೋಷವಿತ್ತು: ಸಿಗಲಾರದ ಆಸ್ಪತ್ರೆಯನ್ನು ಮೇಲಿಟ್ಟವರಿಗೆ ನಿಜಕ್ಕೂ ನಷ್ಟವಾಗುತ್ತಿತ್ತು. ಅದನ್ನು ಪತ್ತೆಹಚ್ಚಿ ಪ್ರತಿಭಟಿಸಿದವರು ವಿದ್ಯಾರ್ಥಿಗಳೇ. ಸೂತ್ರವನ್ನು ಬದಲಿಸಲಾಯಿತು.

ಇದರ ತರ್ಕವನ್ನು 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು ಮದುವೆಯ ದೃಷ್ಟಾಂತದಿಂದ ವಿವರಿಸಿದರು. ಗಂಡು, ಹೆಣ್ಣು ಇಬ್ಬರೂ ತಮ್ಮ ತಮ್ಮ ಪಟ್ಟಿ ಕೊಟ್ಟರೆ, ‘ನಾವಿಬ್ಬರೂ ಈಗಿನ ಜೋಡಿ ಬಿಟ್ಟು ಒಂದಾಗೋಣ’ ಎಂದು ಯಾವ ಇಬ್ಬರೂ ಒಪ್ಪಿ ಹೊರಡದಂತಹ ಹೊಂದಾಣಿಕೆ ಸದಾ ಸಾಧ್ಯ ಎಂಬುದು ಅವರ ಸಿದ್ಧಾಂತ. ನಮ್ಮ ಮದುವೆ ದಲ್ಲಾಳಿಗಳಿಗೆ ಈ ವಿದ್ಯೆ ಸಿದ್ಧಿಸಿದಂತಿಲ್ಲ. ಆಲ್ವಿನ್ ರಾತ್ ಪರಿಷ್ಕರಿಸಿದ, ಅಭ್ಯರ್ಥಿಯ ಪಟ್ಟಿಯಿಂದ ಆರಂಭಿಸುವ ಸೂತ್ರ 1998ರಿಂದ ಬಳಕೆಯಲ್ಲಿದೆ. ರಾತ್ ಮತ್ತು ಶಾಪ್ಲಿ 2012ರ ಅರ್ಥಶಾಸ್ತ್ರ ನೊಬೆಲ್ ಪಡೆದರು.

ಅಮೆರಿಕದಲ್ಲಿ ರೆಸಿಡೆನ್ಸಿ ಮುಗಿಸುತ್ತಿರುವ ಕರಾವಳಿ ಮೂಲದ ವೈದ್ಯರು ಹೃದ್ರೋಗ, ಜಠರ-ಕರುಳು ಮೊದಲಾದ ಫೆಲೋಶಿಪ್‌ಗಳಿಗೆ ಹೋಗುವುದು ಈ ಬಾಗಿಲಿನಿಂದ. ಸಂದರ್ಶನಗಳ ಬಳಿಕ ಅಭ್ಯರ್ಥಿ ಸಂಸ್ಥೆಗಳನ್ನು, ಸಂಸ್ಥೆ ಅಭ್ಯರ್ಥಿಗಳನ್ನು ಕ್ರಮವಾಗಿ ಬರೆಯುತ್ತಾರೆ. ಕಂಪ್ಯೂಟರ್ ಮೊದಲು ಅಭ್ಯರ್ಥಿಯ ಮೊದಲ ಆಯ್ಕೆಯನ್ನು ಪ್ರಯತ್ನಿಸುತ್ತದೆ. ಆ ಸಂಸ್ಥೆ ಒಲ್ಲದಿದ್ದರೆ ಎರಡನೆಯದು. ಅಲ್ಲಿ ಸಿಕ್ಕ ಜಾಗ ತಾತ್ಕಾಲಿಕ. ಸಂಸ್ಥೆ ಹೆಚ್ಚು ಬಯಸಿದ ಬೇರೊಬ್ಬರು ಬಂದರೆ ಮೊದಲಿನವರು ಮೂರನೆಯದಕ್ಕೆ ಸರಿಯುತ್ತಾರೆ. ಎರಡನೆಯ ಸಂಸ್ಥೆಯ ಬಾಗಿಲನ್ನು ‘ತಡವಾಗಿ’ ತಟ್ಟಿದ್ದಕ್ಕೆ ಯಾವ ಶಿಕ್ಷೆಯೂ ಇಲ್ಲ, ಏಕೆಂದರೆ ಕೊನೆಯ ಕ್ಷಣದವರೆಗೆ ಯಾವ ಜಾಗವೂ ಅಂತಿಮವಲ್ಲ. ಇಲ್ಲಿಯೂ ಬಯಕೆಯ ಕ್ರಮವೇ ಸರಿಯಾದ ಕ್ರಮ.

ನಮ್ಮ ಪದ್ಧತಿಗೂ ಇದಕ್ಕೂ ವ್ಯತ್ಯಾಸ ಸಂದರ್ಶನದ್ದು. ಅಲ್ಲಿ ಎಲ್ಲರಿಗೂ ಒಂದೇ ರ‍್ಯಾಂಕ್ ಇಲ್ಲ. ಪ್ರತಿ ಸಂಸ್ಥೆಗೂ ತನ್ನದೇ ಪಟ್ಟಿ. ಸಂದರ್ಶನಕ್ಕೆ ಕರೆ ಬಾರದ ಸಂಸ್ಥೆಯನ್ನು ಬರೆದು ಪ್ರಯೋಜನವಿಲ್ಲ. ಹೀಗಾಗಿ ಸಂದರ್ಶನದ ತನಕ ಮೆಚ್ಚಿಸುವ ಕೆಲಸ, ಸಂದರ್ಶನ ಮುಗಿದ ಮೇಲೆ ಪ್ರಾಮಾಣಿಕವಾಗಿ ಬರೆಯುವ ಕೆಲಸ. ಬಹಳಷ್ಟು ಮಂದಿ ಇವೆರಡನ್ನೂ ಬೆರೆಸಿಬ್ಬಿಡುತ್ತಾರೆ. ‘ನಿಮ್ಮನ್ನು ಬಹಳ ಮೇಲಿಟ್ಟಿದ್ದೇವೆ’ ಎಂಬ ಇಮೇಲ್ ಬಂತೆಂದು ಆ ಸಂಸ್ಥೆಯನ್ನು ಒಂದನೇ ಸ್ಥಾನಕ್ಕೆ ಏರಿಸುವುದು ಇದರ ಮಾದರಿ. ಅಂತಹ ಮಾತಿಗೆ ಕಟ್ಟುಪಾಡಿಲ್ಲ. ಬೇರೆ ಯಾವ ಸಂಸ್ಥೆಗಳಿಗೆ ಅರ್ಜಿ ಹಾಕಿದ್ದೀರಿ, ನಮ್ಮನ್ನು ಎಷ್ಟನೆಯ ಸ್ಥಾನದಲ್ಲಿ ಬರೆಯುತ್ತೀರಿ ಎಂದು ಕೇಳುವುದನ್ನು ಮ್ಯಾಚ್‌ನ ಒಪ್ಪಂದವೇ ನಿಷೇಧಿಸಿದೆ. ಆದರೆ ಹೊಂದಾಣಿಕೆಯಾದ ಮೇಲೆ ಎರಡೂ ಕಡೆಯವರು ಅದಕ್ಕೆ ಬದ್ಧರು. ಹೋಗಲು ಮನಸ್ಸಿಲ್ಲದ ಊರನ್ನು ‘ಇರಲಿ’ ಎಂದು ಕೊನೆಗೆ ಸೇರಿಸುವ ಮುನ್ನ ಇದನ್ನು ನೆನಪಿಡಬೇಕು.

ಈ ಎಲ್ಲ ಗಡಿಬಿಡಿ ಇಲ್ಲದ ಕಾಲವೂ ಒಂದಿತ್ತು. ಕಿನ್ನಿಗೋಳಿ ಮೂಲದ ಡಾ. ದೇವಿ ಶೆಟ್ಟಿ ಮಂಗಳೂರಿನ ಕೆಎಂಸಿಯಲ್ಲಿ ಶಸ್ತ್ರಚಿಕಿತ್ಸೆ ಕಲಿತು, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದು 1989ರಲ್ಲಿ ಮರಳಿದವರು. ಅಂದಿನ ವೈದ್ಯರು ಆದ್ಯತಾ ಪಟ್ಟಿಯನ್ನು ಕಂಪ್ಯೂಟರ್‌ಗೆ ಒಪ್ಪಿಸಿ ಕಾಯಬೇಕಿರಲಿಲ್ಲ.

ಇಂದು ಮ್ಯಾಚ್‌ಗೆ ಪಟ್ಟಿ ಬರೆದರಷ್ಟೇ ಸಾಲದು, ಅದನ್ನು ‘ದೃಢೀಕರಿಸಬೇಕು’. ಗಡುವಿನೊಳಗೆ ದೃಢೀಕರಿಸದ ಪಟ್ಟಿಯನ್ನು ಕಂಪ್ಯೂಟರ್ ಓದುವುದೇ ಇಲ್ಲ. ಗಡುವು ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 9 ಗಂಟೆ. ಚಳಿಗಾಲದಲ್ಲಿ ಅದು ಭಾರತದಲ್ಲಿ ಮರುದಿನ ಬೆಳಗಿನ 7.30. ಹೃದ್ರೋಗದಂತಹ ಫೆಲೋಶಿಪ್‌ಗಳ ಫಲಿತಾಂಶ ಬರುವುದು ಡಿಸೆಂಬರ್ ಆರಂಭದಲ್ಲಿ, ಅಲ್ಲಿನ ನಡುಹಗಲು 12ಕ್ಕೆ. ಮಗನದೋ ಮಗಳದೋ ಫೋನಿಗಾಗಿ ಬಂಟ್ವಾಳದ ಮನೆಯವರು ರಾತ್ರಿ ಹತ್ತೂವರೆಯವರೆಗೆ ಎಚ್ಚರವಿರಬೇಕಾಗುತ್ತದೆ.